ಮರದ ಪೆಟ್ಟಿಗೆಯ ಮೇಲಿನ ಮುದ್ರೆ: ತೆರಿಗೆಯಲ್ಲ, ವಿಮೆಯ ಕಂತು

ರಫ್ತು ಸರಕಿನ ಬೆಲೆ ನಿಗದಿ ಮಾಡುವಾಗ ಉದ್ಯಮಿಯು ಕಚ್ಚಾ ಸಾಮಗ್ರಿ, ಕೂಲಿ, ವಿದ್ಯುತ್, ಬಡ್ಡಿ, ಸಾಗಣೆ ಇವೆಲ್ಲವನ್ನೂ ಪೈಸೆ ಪೈಸೆಗೆ ಲೆಕ್ಕ ಹಾಕುತ್ತಾನೆ. ಆದರೆ ಆ ಸರಕನ್ನು ಹೊತ್ತು ಸಮುದ್ರ ದಾಟುವ ಮರದ ಪ್ಯಾಲೆಟ್ಟು ಅಥವಾ ಪೆಟ್ಟಿಗೆಯು ಬಹಳಷ್ಟು ಲೆಕ್ಕಪುಸ್ತಕಗಳಲ್ಲಿ ‘ಪ್ಯಾಕಿಂಗ್ ಖರ್ಚು’ ಎಂಬ ಒಂದೇ ಸಾಲಿನಲ್ಲಿ ಅಡಗಿ ಕುಳಿತಿರುತ್ತದೆ. ಬೆಳಗಾವಿಯ ಎರಕದ ಬಿಡಿಭಾಗಗಳಿರಲಿ, ಜಿಗಣಿಯ ಗ್ರಾನೈಟ್ ಚಪ್ಪಡಿಗಳಿರಲಿ, ಪೀಣ್ಯದ ಯಂತ್ರಭಾಗಗಳಿರಲಿ, ವಿದೇಶೀ ಬಂದರಿನಲ್ಲಿ ಸರಕಿಗೆ ಯಾವ ದೋಷವೂ ಇಲ್ಲದೆ ಅದರ ಕೆಳಗಿನ ಹಲಗೆಯ ದೋಷಕ್ಕಾಗಿ ಇಡೀ ಕಂಟೈನರು ತಡೆಹಿಡಿಯಲ್ಪಟ್ಟಾಗ ಮಾತ್ರ ಆ ಒಂದು ಸಾಲಿನ ಮಹತ್ವ ಅರಿವಿಗೆ ಬರುತ್ತದೆ.

ಕಾಡಿನ ಕೀಟ ಮತ್ತು ರೋಗಗಳು ಒಂದು ದೇಶದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವ ಸಸ್ಯ ಕ್ವಾರಂಟೈನ್ ನಿಯಮಗಳ ಬಗ್ಗೆ ವ್ಯಾಪಾರಿ ವಲಯದಲ್ಲಿ ಒಂದು ಸಾಮಾನ್ಯ ಅಭಿಪ್ರಾಯವಿದೆ. ಇದು ಇನ್ನೊಂದು ಇನ್ಸ್‌ಪೆಕ್ಟರ್ ರಾಜ್ಯ, ಇನ್ನೊಂದು ಪ್ರಮಾಣಪತ್ರ, ಇನ್ನೊಂದು ಶುಲ್ಕ ಎಂಬುದೇ ಆ ಅಭಿಪ್ರಾಯ. ಸಣ್ಣ ಉದ್ಯಮಿಗಳ ಈ ಅಸಮಾಧಾನದಲ್ಲಿ ಒಂದಷ್ಟು ನ್ಯಾಯವೂ ಇದೆ. ಆದರೆ ಅದರ ಆಧಾರದ ಮೇಲೆ ನಿಯಮಗಳನ್ನೇ ಸಡಿಲಿಸಬೇಕೆಂದು ಬೇಡಿಕೆ ಇಡುವುದು ವ್ಯಾಪಾರದ ಹಿತಕ್ಕೇ ಮಾರಕವಾದೀತು. ಕೇಳಬೇಕಾದದ್ದು ರಿಯಾಯಿತಿಯನ್ನಲ್ಲ, ನಿಯಮವನ್ನು ಪಾಲಿಸಲು ಬೇಕಾದ ಸೌಕರ್ಯವನ್ನು.

ನಿಯಮ ಹುಟ್ಟಿದ್ದೇಕೆ?

ಯಾವುದೇ ನಿರ್ಬಂಧವನ್ನು ಟೀಕಿಸುವ ಮುನ್ನ ಅದರ ಹಿಂದಿನ ನಷ್ಟದ ಲೆಕ್ಕವನ್ನು ನೋಡುವುದು ಒಳಿತು. 1904ರಲ್ಲಿ ನ್ಯೂಯಾರ್ಕ್ ನಗರದ ಮೃಗಾಲಯದ ಆವರಣದಲ್ಲಿ ಚೆಸ್ಟ್‌ನಟ್ ಮರಗಳು ಒಣಗುತ್ತಿರುವುದು ಗಮನಕ್ಕೆ ಬಂದಿತು. ಏಷ್ಯಾದಿಂದ ತರಿಸಿದ ಸಸಿಗಳ ಜೊತೆಗೆ ಬಂದ ಒಂದು ಶಿಲೀಂಧ್ರ ಅದಕ್ಕೆ ಕಾರಣವಾಗಿತ್ತು. ಮುಂದಿನ ಸುಮಾರು ಅರ್ಧ ಶತಮಾನದಲ್ಲಿ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ 300 ಕೋಟಿಗೂ ಹೆಚ್ಚು ಚೆಸ್ಟ್‌ನಟ್ ಮರಗಳು ನಾಶವಾದವೆಂದು ಅಂದಾಜು. ಅದು ಬರಿಯ ಕಾಡಿನ ನಷ್ಟವಾಗಿರಲಿಲ್ಲ. ಆ ಮರದ ನಾಟಾ, ಅದರ ಕಾಯಿ, ಚರ್ಮ ಹದಮಾಡಲು ಬಳಸುತ್ತಿದ್ದ ಅದರ ಟ್ಯಾನಿನ್ ಇವುಗಳನ್ನು ನಂಬಿದ್ದ ವ್ಯಾಪಾರಗಳೆಲ್ಲ ಕುಸಿದವು. ಅಮೆರಿಕ ತನ್ನ ಸಸ್ಯ ಕ್ವಾರಂಟೈನ್ ಕಾಯಿದೆಯನ್ನು ಜಾರಿಗೆ ತಂದದ್ದು 1912ರಲ್ಲಿ. ಅಷ್ಟರಲ್ಲಿ ರೋಗ ಕೈಮೀರಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆ ಕಾಲದಲ್ಲಿ ರೋಗ ಬಂದದ್ದು ಸಸಿಗಳ ಮೂಲಕ. ಕಂಟೈನರುಗಳ ಯುಗದಲ್ಲಿ ಅದು ಪ್ಯಾಕಿಂಗ್ ಮರದ ಮೂಲಕ ಬರತೊಡಗಿತು. ಪೆಟ್ಟಿಗೆ, ಪ್ಯಾಲೆಟ್ಟು ಮತ್ತು ಸರಕಿಗೆ ಊರೆಯಾಗಿ ಕೊಡುವ ತುಂಡುಗಳಿಗೆ ಸಾಮಾನ್ಯವಾಗಿ ಅಗ್ಗದ, ಹಸಿಯಾದ, ಕೆಲವೊಮ್ಮೆ ತೊಗಟೆಯೂ ಹೋಗದ ಮರವನ್ನೇ ಬಳಸುವುದುಂಟು. ಅಂತಹ ಮರದೊಳಗೆ ಕೊರೆಹುಳುವಿನ ಮರಿ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, 1998ರಲ್ಲಿ ಶಿಕಾಗೋದಲ್ಲಿ ಏಷ್ಯಾ ಮೂಲದ ಉದ್ದ ಮೀಸೆಯ ದುಂಬಿ ಕಾಣಿಸಿಕೊಂಡಿತು. ಚೀನಾದಿಂದ ಬಂದ ಸರಕಿನ ಮರದ ಪೆಟ್ಟಿಗೆಗಳೇ ಅದರ ವಾಹನವೆಂದು ಕಂಡುಬಂದಿತು. ಅದೇ 1998ರ ಕೊನೆಯಲ್ಲಿ ಚೀನಾದ ಸಂಸ್ಕರಿಸದ ಮರದ ಪ್ಯಾಕಿಂಗಿಗೆ ಅಮೆರಿಕ ಬಾಗಿಲು ಮುಚ್ಚಿತು. ಹೀಗಿದ್ದೂ 2008ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಪಟ್ಟಣದಲ್ಲಿ ಅದೇ ದುಂಬಿ ಪತ್ತೆಯಾಗಿ, ಅಲ್ಲಿ 30,000ಕ್ಕೂ ಹೆಚ್ಚು ಮರಗಳನ್ನು ಕಡಿಯಬೇಕಾಯಿತು. 2002ರಲ್ಲಿ ಡೆಟ್ರಾಯಿಟ್ ನಗರದ ಬಳಿ ಗುರುತಿಸಲ್ಪಟ್ಟ ಆ್ಯಶ್ ಮರದ ಹಸಿರು ಕೊರೆಹುಳುವಂತೂ ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಮರಗಳನ್ನು ಬಲಿ ತೆಗೆದುಕೊಂಡಿದೆ.

ವರ್ತಕರು ವಿಶೇಷವಾಗಿ ಗಮನಿಸಬೇಕಾದದ್ದು ಪೋರ್ಚುಗಲ್ ದೇಶದ ಪ್ರಕರಣ. ಉತ್ತರ ಅಮೆರಿಕ ಮೂಲದ ಪೈನ್ ಮರದ ಜಂತುಹುಳು 1999ರಲ್ಲಿ ಲಿಸ್ಬನ್ ಸಮೀಪದ ಸೆತುಬಲ್ ಪ್ರದೇಶದಲ್ಲಿ ಯುರೋಪಿನಲ್ಲೇ ಮೊದಲ ಬಾರಿಗೆ ಕಂಡುಬಂದಿತು. ಅದನ್ನು ಅಲ್ಲಿಯೇ ಕಟ್ಟಿಹಾಕುವ ಉದ್ದೇಶದಿಂದ ಸುಮಾರು 3 ಕಿ.ಮೀ. ಅಗಲದ ಪಟ್ಟಿಯಲ್ಲಿ ಪೈನ್ ಮರಗಳನ್ನೆಲ್ಲ ಕಡಿದು ತೆರವು ಮಾಡಲಾಯಿತು. ಆದರೂ 2008ರ ವೇಳೆಗೆ ಆ ದೇಶದ ಇಡೀ ಮುಖ್ಯಭೂಮಿಯನ್ನು ರೋಗಪೀಡಿತ ಪ್ರದೇಶವೆಂದು ಘೋಷಿಸಬೇಕಾಯಿತು. ಇದರ ಪರಿಣಾಮವಾಗಿ, ಯುರೋಪಿಯನ್ ಒಕ್ಕೂಟದ ಒಳಗೇ ಸರಕು ಸಾಗಿಸುವ ಪೋರ್ಚುಗಲ್ಲಿನ ವರ್ತಕನೂ ತನ್ನ ಪ್ಯಾಲೆಟ್ಟುಗಳಿಗೆ ಅಂತರರಾಷ್ಟ್ರೀಯ ಮಾನದಂಡದ ಸಂಸ್ಕರಣೆ ಮಾಡಿಸಿ ಮುದ್ರೆ ಹಾಕಿಸುವುದು ಕಡ್ಡಾಯವಾಯಿತು. ನೆರೆಯ ದೇಶದವನಿಗೆ ಇಲ್ಲದ ಖರ್ಚು ಇವನಿಗೆ ಬಂದಿತು. ಒಂದು ಹುಳು ಹೇಗೆ ಒಂದು ಇಡೀ ದೇಶದ ತಯಾರಕರ ಸ್ಪರ್ಧಾಶಕ್ತಿಯನ್ನು ಕುಗ್ಗಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ನಿಯಮ ಹೇಳುವುದೇನು?

ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಅಡಿಯಲ್ಲಿ 2002ರಲ್ಲಿ ಅಂಗೀಕೃತವಾಗಿ, 2009ರಲ್ಲಿ ಪರಿಷ್ಕೃತಗೊಂಡ ‘ಐಎಸ್‌ಪಿಎಂ-15’ ಎಂಬ ಮಾನದಂಡ ಇಂದು ವಿಶ್ವದ ಬಹುಪಾಲು ವ್ಯಾಪಾರವನ್ನು ನಿಯಂತ್ರಿಸುತ್ತಿದೆ. ಅದರ ಸಾರ ಸರಳವಾದದ್ದು. ಮರದ ಪ್ಯಾಕಿಂಗ್ ಸಾಮಗ್ರಿಯನ್ನು ತೊಗಟೆ ತೆಗೆದ ಮರದಿಂದಲೇ ಮಾಡಿರಬೇಕು. ಅನಂತರ ಮರದ ತಿರುಳಿನ ಉಷ್ಣತೆ 56 ಡಿಗ್ರಿ ಸೆಲ್ಸಿಯಸ್ ತಲುಪಿ, ಸತತ 30 ನಿಮಿಷ ಹಾಗೆಯೇ ಇರುವಂತೆ ಕಾಯಿಸಬೇಕು. ಅಥವಾ ಮೀಥೈಲ್ ಬ್ರೋಮೈಡ್ ಅನಿಲದಿಂದ ನಿಗದಿತ ಪ್ರಮಾಣದಲ್ಲಿ ಕನಿಷ್ಠ 24 ಗಂಟೆ ಫ್ಯೂಮಿಗೇಶನ್ ಮಾಡಬೇಕು. ಡೈಎಲೆಕ್ಟ್ರಿಕ್ ವಿಧಾನದ ಕಾಯಿಸುವಿಕೆ ಹಾಗೂ 2018ರಿಂದ ಸಲ್ಫ್ಯೂರಿಲ್ ಫ್ಲೋರೈಡ್ ಅನಿಲದ ಬಳಕೆಗೂ ಅವಕಾಶವಿದೆ. ಹೀಗೆ ಸಂಸ್ಕರಿಸಿದ ಮೇಲೆ ಗೋಧಿ ತೆನೆಯ ಚಿಹ್ನೆ, ದೇಶದ ಸಂಕೇತ, ಸಂಸ್ಕರಿಸಿದ ಘಟಕದ ಸಂಖ್ಯೆ ಮತ್ತು ಸಂಸ್ಕರಣೆಯ ವಿಧಾನದ ಸಂಕೇತಗಳನ್ನು ಒಳಗೊಂಡ ಮುದ್ರೆಯನ್ನು ಅಳಿಸಿಹೋಗದಂತೆ ಒತ್ತಬೇಕು. ಕೈಬರಹದ ಮುದ್ರೆಗೆ ಮಾನ್ಯತೆ ಇಲ್ಲ.

ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ಗಳಂತೆ ಅಂಟು, ಶಾಖ, ಒತ್ತಡಗಳಿಂದ ತಯಾರಾದ ಹಲಗೆಗಳಿಗೂ, 6 ಮಿಲಿಮೀಟರಿಗಿಂತ ಹೆಚ್ಚು ದಪ್ಪವಿಲ್ಲದ ಮರಕ್ಕೂ ಈ ನಿಯಮ ಅನ್ವಯಿಸುವುದಿಲ್ಲ. ಸಣ್ಣ ಪ್ರಮಾಣದಲ್ಲಿ ರಫ್ತು ಮಾಡುವ ಘಟಕಗಳು ಈ ವಿನಾಯಿತಿಯನ್ನು ಬಳಸಿಕೊಳ್ಳಲು ಸಾಧ್ಯವಿದೆ. ಆದರೆ ಅನೇಕರಿಗೆ ಇದರ ಅರಿವೇ ಇಲ್ಲ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಮುದ್ರೆಯುಳ್ಳ ಹಳೆಯ ಪ್ಯಾಲೆಟ್ಟಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮರವನ್ನು ಬದಲಾಯಿಸಿದರೆ ಅದರ ಹಳೆಯ ಮುದ್ರೆಗೆ ಬೆಲೆಯಿಲ್ಲ. ಆ ಮುದ್ರೆಯನ್ನು ಅಳಿಸಿ, ಇಡೀ ಪ್ಯಾಲೆಟ್ಟನ್ನು ಮತ್ತೆ ಸಂಸ್ಕರಿಸಿ, ಹೊಸದಾಗಿ ಮುದ್ರೆ ಹಾಕಿಸಬೇಕಾಗುತ್ತದೆ. ಗುಜರಿಯಿಂದ ತಂದ ಪ್ಯಾಲೆಟ್ಟಿಗೆ ನಾಲ್ಕು ಹೊಸ ಪಟ್ಟಿ ಬಡಿದು ಹಳೆಯ ಮುದ್ರೆಯ ಬಲದ ಮೇಲೆ ಸರಕು ಕಳುಹಿಸುವ ಅಭ್ಯಾಸವು ಸಿಕ್ಕಿಬೀಳುವ ದಿನದವರೆಗೆ ಮಾತ್ರ ಲಾಭದಾಯಕ.

ಭಾರತದಲ್ಲಿ ಆಮದಿನ ಮಟ್ಟಿಗೆ ಕೇಂದ್ರ ಸರ್ಕಾರದ 2003ರ ಸಸ್ಯ ಕ್ವಾರಂಟೈನ್ ಆದೇಶ ಜಾರಿಯಲ್ಲಿದೆ. ಮಂಗಳೂರು ಬಂದರಿನ ಮೂಲಕ ದಿಮ್ಮಿ ತರಿಸುವ ನಾಟಾ ವರ್ತಕರಿಗೆ ಆಮದು ಪರವಾನಗಿ, ರಫ್ತು ದೇಶದ ಫೈಟೋಸ್ಯಾನಿಟರಿ ಪ್ರಮಾಣಪತ್ರ, ಸಂಸ್ಕರಣೆಯ ದೃಢೀಕರಣ ಇವೆಲ್ಲ ಪರಿಚಿತವಾದವುಗಳೇ. ಮಂಗಳೂರು ಮತ್ತು ಬೆಂಗಳೂರುಗಳಲ್ಲಿ ಇದಕ್ಕಾಗಿಯೇ ಸಸ್ಯ ಕ್ವಾರಂಟೈನ್ ಕೇಂದ್ರಗಳಿವೆ. ಆದರೆ ನಾಟಾ ವ್ಯಾಪಾರಿಯಲ್ಲದ ಆಮದುದಾರನಿಗೂ ಈ ಆದೇಶ ತಟ್ಟುತ್ತದೆ. ಯಂತ್ರವನ್ನೋ ಟೈಲ್ಸನ್ನೋ ತರಿಸಿದವನು ಅದು ಬಂದ ಪೆಟ್ಟಿಗೆಯ ಮುದ್ರೆಗೂ ಹೊಣೆಗಾರನೆಂಬುದನ್ನು ತಿಳಿದಿರಬೇಕು.

ಲೆಕ್ಕದ ಕಣ್ಣಿನಿಂದ

ಈಗ ಖರ್ಚಿನ ವಿಚಾರ. ಕೇವಲ ಲೆಕ್ಕದ ಅನುಕೂಲಕ್ಕಾಗಿ ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಒಂದು ಕಂಟೈನರಿನಲ್ಲಿ 15 ಲಕ್ಷ ರೂಪಾಯಿ ಬೆಲೆಯ ಸರಕು, ಅದರ ಅಡಿಯಲ್ಲಿ 20 ಪ್ಯಾಲೆಟ್ಟುಗಳು, ಪ್ರತಿ ಪ್ಯಾಲೆಟ್ಟಿಗೆ ಸಂಸ್ಕರಣೆ ಮತ್ತು ಮುದ್ರೆಯ ಹೆಚ್ಚುವರಿ ಖರ್ಚು 200 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 4,000 ರೂಪಾಯಿ ಆಗುತ್ತದೆ. ಸರಕಿನ ಬೆಲೆಯ 100 ರೂಪಾಯಿಗೆ ಸುಮಾರು 27 ಪೈಸೆ. ಅದೇ ಕಂಟೈನರು ವಿದೇಶೀ ಬಂದರಿನಲ್ಲಿ ತಡೆಹಿಡಿಯಲ್ಪಟ್ಟರೆ ಡೆಮರೇಜ್, ಅಲ್ಲಿನ ಸಂಸ್ಕರಣೆ ಅಥವಾ ಮರುಪ್ಯಾಕಿಂಗ್, ಇಲ್ಲವೇ ಸರಕನ್ನು ಹಿಂದಕ್ಕೆ ತರಿಸುವ ಸಾಗಣೆ, ಗ್ರಾಹಕ ಹಿಡಿದಿಟ್ಟುಕೊಳ್ಳುವ ಹಣ ಎಲ್ಲ ಸೇರಿ 3 ಲಕ್ಷ ರೂಪಾಯಿ ನಷ್ಟವೆಂದು ಭಾವಿಸೋಣ. ಆಗ 75 ಕಂಟೈನರುಗಳಲ್ಲಿ ಒಂದೇ ಒಂದು ಹೀಗೆ ಸಿಕ್ಕಿಬಿದ್ದರೂ ಅಷ್ಟೂ ಕಂಟೈನರುಗಳಲ್ಲಿ ‘ಉಳಿಸಿದ’ ಹಣ ಅಳಿಸಿಹೋಗುತ್ತದೆ. ಪ್ರತಿಯೊಬ್ಬ ಉದ್ಯಮಿಯೂ ತನ್ನ ನಿಜವಾದ ಅಂಕಿಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿನೋಡಬಹುದು. ಅಂಕಿಗಳು ಬದಲಾದರೂ ಬಹುತೇಕ ಎಲ್ಲರ ಲೆಕ್ಕದಲ್ಲೂ ಉತ್ತರ ಒಂದೇ ಕಡೆಗೆ ವಾಲುತ್ತದೆ.

ಬೆಂಕಿ ವಿಮೆಯ ಕಂತನ್ನು ಯಾರೂ ತೆರಿಗೆ ಎಂದು ಕರೆಯುವುದಿಲ್ಲ. ಗೋದಾಮು ಸುಡಲಿಲ್ಲವೆಂದು ಕಂತಿನ ಹಣ ವ್ಯರ್ಥವಾಯಿತೆಂದೂ ಯಾರೂ ಹೇಳುವುದಿಲ್ಲ. ಸಂಸ್ಕರಣೆಯ ಖರ್ಚನ್ನೂ ಹಾಗೆಯೇ ಕಾಣಬೇಕಾಗಿದೆ. ಆದಾಯ ತೆರಿಗೆಯ ದೃಷ್ಟಿಯಿಂದಲೂ ಎರಡು ಖರ್ಚುಗಳ ನಡುವೆ ವ್ಯತ್ಯಾಸವಿದೆ. ಸಂಸ್ಕರಣೆಯ ಶುಲ್ಕ ವ್ಯವಹಾರದ ನ್ಯಾಯವಾದ ವೆಚ್ಚ. ಅದನ್ನು ಲಾಭದಿಂದ ಕಳೆಯಬಹುದು. ಆದರೆ ಕಾನೂನು ಮುರಿದದ್ದಕ್ಕಾಗಿ ತೆತ್ತ ದಂಡವನ್ನು ವೆಚ್ಚವೆಂದು ಕಳೆಯಲು ತೆರಿಗೆ ಕಾನೂನು ಒಪ್ಪುವುದಿಲ್ಲ. ದಂಡ ಕಟ್ಟಿದವನು ಆ ದಂಡದ ಮೊತ್ತದ ಮೇಲೂ ತೆರಿಗೆ ಕಟ್ಟಿದಂತಾಗುತ್ತದೆ.

ಆದರೆ ಈ ಲೆಕ್ಕದಲ್ಲಿ ಒಂದು ಕೊರತೆಯಿದೆ, ಅದನ್ನು ಮುಚ್ಚಿಡಬಾರದು. ಇಲ್ಲಿ ಎಣಿಸಿದ್ದು ಸಿಕ್ಕಿಬಿದ್ದವನ ನಷ್ಟವನ್ನು ಮಾತ್ರ. ಸಿಕ್ಕಿಬೀಳದೆ ದಾಟಿಹೋದ ಹುಳು ಮುಂದೆ ಮಾಡುವ ಹಾನಿ ಯಾವ ವ್ಯಾಪಾರಿಯ ಖಾತೆಗೂ ಖರ್ಚಾಗಿ ಬೀಳುವುದಿಲ್ಲ. ಲಾಭ ಒಬ್ಬನ ಪಾಲಿಗೆ, ನಷ್ಟ ಊರಿನ ಪಾಲಿಗೆ ಆಗುವ ಇಂತಹ ಕಡೆ ಪ್ರತಿಯೊಬ್ಬನ ವಿವೇಚನೆಗೆ ಬಿಟ್ಟರೆ ಸಾಲದು, ಎಲ್ಲರಿಗೂ ಸಮನಾದ ನಿಯಮ ಬೇಕು ಎಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಪ್ರಾಮಾಣಿಕನಾದ ವರ್ತಕನನ್ನು ಅಪ್ರಾಮಾಣಿಕನ ಅಗ್ಗದ ಬೆಲೆಯಿಂದ ಕಾಪಾಡುವುದೂ ಇದೇ ನಿಯಮವೇ.

ನಾಡಿನ ಅನುಭವ

ಇವೆಲ್ಲ ಪರದೇಶದ ಕಥೆಗಳು ಎಂದು ತಳ್ಳಿಹಾಕುವಂತಿಲ್ಲ. ಶ್ರೀಗಂಧದ ಸ್ಪೈಕ್ ರೋಗ 1899ರಲ್ಲಿ ಮೊದಲು ವರದಿಯಾದದ್ದು ಕೊಡಗಿನಿಂದ. ಎಲೆಗಳು ಚಿಕ್ಕದಾಗಿ, ಬಿರುಸಾಗಿ, ಗೊಂಚಲುಗಟ್ಟಿ, ಕೆಲವೇ ವರ್ಷಗಳಲ್ಲಿ ಮರವೇ ಸಾಯುವ ಈ ರೋಗವನ್ನು ತಡೆಯಲು 1903ರಿಂದ 1916ರವರೆಗೆ ಕೊಡಗು ಮತ್ತು ಮೈಸೂರು ಪ್ರದೇಶಗಳಲ್ಲಿ ಸುಮಾರು ಹತ್ತು ಲಕ್ಷ ಗಂಧದ ಮರಗಳನ್ನು ಕಿತ್ತುಹಾಕಬೇಕಾಯಿತು. ರೋಗಕ್ಕೆ ಕಾರಣವಾದ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಸುಳಿವು ಸಿಕ್ಕಿದ್ದು 1969ರಲ್ಲಿ, ಅಂದರೆ ರೋಗ ಕಂಡು 70 ವರ್ಷಗಳ ನಂತರ. ಕರ್ನಾಟಕದ ಕಾಡುಗಳಲ್ಲಿ, ನೆರೆಯ ಕೇರಳದ ಮರಯೂರಿನಲ್ಲಿ ಆ ರೋಗ ಇಂದಿಗೂ ಇದೆ. 1916ರಷ್ಟು ಹಿಂದೆಯೇ ಆರಂಭವಾದ ಮೈಸೂರಿನ ಗಂಧದೆಣ್ಣೆ ಉದ್ಯಮದಿಂದ ಹಿಡಿದು ಅಗರಬತ್ತಿಯ ಸಣ್ಣ ತಯಾರಕನವರೆಗೆ ಗಂಧವನ್ನು ನಂಬಿದವರ ಸರಣಿ ದೊಡ್ಡದು. ಗಂಧದ ಕೊರತೆಗೆ ಕಳ್ಳಸಾಗಣೆಯನ್ನು ದೂರುವುದು ವಾಡಿಕೆ. ರೋಗದ ಪಾಲೂ ಅದರಲ್ಲಿದೆ ಎಂಬುದನ್ನು ನೆನೆಯುವವರು ಕಡಿಮೆ.

2001ರಲ್ಲಿ ಕರ್ನಾಟಕದ ಅರಣ್ಯ ಕಾನೂನಿಗೆ ತಂದ ತಿದ್ದುಪಡಿಯಿಂದ ಖಾಸಗಿ ಜಮೀನಿನ ಗಂಧದ ಮರ ಜಮೀನುದಾರನದೇ ಎಂದಾಯಿತು. ರೈತರು ಹಾಗೂ ಹೂಡಿಕೆದಾರರು ಗಂಧದ ತೋಟಗಳನ್ನು ಎಬ್ಬಿಸತೊಡಗಿದರು. ಇದು ಸ್ವಾಗತಾರ್ಹವೇ ಹೌದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಸಸಿಗಳು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಲಾರಿಗಳಲ್ಲಿ ಹೋಗುವಾಗ ಅವು ನಿರೋಗಿಗಳೆಂದು ದೃಢಪಡಿಸುವವರು ಯಾರು? ಅರಣ್ಯ ಇಲಾಖೆಯ ತನಿಖಾ ಠಾಣೆಯಲ್ಲಿ ರಹದಾರಿಯನ್ನು ನೋಡುತ್ತಾರೆ. ಆ ರಹದಾರಿ ಮರದ ಒಡೆಯನಾರೆಂಬುದನ್ನು ಹೇಳುತ್ತದೆಯೇ ಹೊರತು ಮರದ ಆರೋಗ್ಯವನ್ನಲ್ಲ. ಕಳ್ಳತನವನ್ನು ತಡೆಯಲು ಕಟ್ಟಿದ ವ್ಯವಸ್ಥೆ ರೋಗವನ್ನು ತಡೆಯಲಾರದು. ಹದಿನೈದು ಇಪ್ಪತ್ತು ವರ್ಷ ಕಾದು ಫಲ ಪಡೆಯಬೇಕಾದ ಬೆಳೆಗೆ ಸಾಲ ಮಾಡಿ ಹಣ ಹೂಡಿದವನಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಇನ್ನೊಂದು ನಿದರ್ಶನ ನೀಲಗಿರಿಯದು. ಆಸ್ಟ್ರೇಲಿಯಾ ಮೂಲದ, ಎಲೆ ಮತ್ತು ತೊಟ್ಟುಗಳಲ್ಲಿ ಗಂಟು ಕಟ್ಟಿಸುವ ಒಂದು ಪುಟ್ಟ ಕಣಜ 2001ರಲ್ಲಿ ಮಂಡ್ಯ ಜಿಲ್ಲೆಯ ನೀಲಗಿರಿ ನೆಡುತೋಪುಗಳಲ್ಲಿ ಕಾಣಿಸಿಕೊಂಡಿತು. ವಿಜ್ಞಾನಿಗಳು ಅದಕ್ಕೊಂದು ಹೆಸರಿಡುವುದೇ 2004ರಲ್ಲಿ ಆಯಿತು. ಹೆಸರಿಡುವ ಮುನ್ನವೇ ಬಂದು ನೆಲೆಸಿದ ಈ ಅತಿಥಿ ಎಳೆಯ ತೋಪುಗಳನ್ನೂ ನರ್ಸರಿಗಳನ್ನೂ ಹಾಳುಗೆಡವಿತು. ಕಾಗದದ ಗಿರಣಿಗಳಿಗೆ ಮರ ಒದಗಿಸುವ ರೈತರಿಗೂ, ಸೆಂಟ್ರಿಂಗ್ ಕಂಬಗಳ ವ್ಯಾಪಾರಿಗಳಿಗೂ ಅದರ ಬಿಸಿ ತಟ್ಟಿತು. ಕಾಫಿ ವರ್ತಕರಿಗಂತೂ 1990ರ ನೆನಪು ಇನ್ನೂ ಹಸಿಯಾಗಿರಬೇಕು. ಆ ವರ್ಷ ನೀಲಗಿರಿ ಜಿಲ್ಲೆಯ ಗೂಡಲೂರಿನಲ್ಲಿ ಪತ್ತೆಯಾದ ಕಾಯಿಕೊರಕ ಕೀಟ ಮುಂದೆ ಕೊಡಗನ್ನೂ ಮುಟ್ಟಿತು. ಬಳಸಿದ ಗೋಣಿಚೀಲಗಳ ಮೂಲಕವೂ ಅದು ಪ್ರಯಾಣ ಮಾಡುತ್ತದೆಂಬುದನ್ನು ತೋಟದವರು ದುಬಾರಿ ಬೆಲೆ ತೆತ್ತು ಕಲಿಯಬೇಕಾಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವ ಸ್ಥಿತಿ ತಂದುಕೊಳ್ಳಬಾರದೆಂಬುದೇ ಕ್ವಾರಂಟೈನ್ ನಿಯಮದ ತಿರುಳು.

ಆಕ್ಷೇಪಗಳ ಪರಿಶೀಲನೆ

ಈ ನಿಯಮಗಳ ವಿರುದ್ಧ ಮೂರು ಆಕ್ಷೇಪಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಮೊದಲನೆಯದು, ಶ್ರೀಮಂತ ದೇಶಗಳು ಬಡ ದೇಶಗಳ ಸರಕನ್ನು ತಡೆಯಲು ಹೂಡಿದ ಉಪಾಯವಿದು ಎಂಬುದು. ಇಂತಹ ಸಂಶಯಕ್ಕೆ ಆಸ್ಪದವೇ ಇಲ್ಲವೆಂದು ಹೇಳಲಾಗದು. ಆದರೆ 1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಸಸ್ಯಾರೋಗ್ಯ ಒಪ್ಪಂದದ ಪ್ರಕಾರ ಯಾವುದೇ ದೇಶ ಇಂತಹ ನಿರ್ಬಂಧಕ್ಕೆ ವೈಜ್ಞಾನಿಕ ಆಧಾರ ಕೊಡಬೇಕು. ಅಂತರರಾಷ್ಟ್ರೀಯ ಮಾನದಂಡವೊಂದು ಇರುವುದರಿಂದ ಸಣ್ಣ ರಫ್ತುದಾರನಿಗೆ ಅನುಕೂಲವೇ ಆಗಿದೆ. ಅದಿಲ್ಲದಿದ್ದರೆ ಜರ್ಮನಿಗೊಂದು, ಜಪಾನಿಗೊಂದು, ಆಸ್ಟ್ರೇಲಿಯಾಕ್ಕೊಂದು ಬಗೆಯ ಪೆಟ್ಟಿಗೆ ಮಾಡಿಸಬೇಕಾಗುತ್ತಿತ್ತು.

ಎರಡನೆಯದು, ಫ್ಯೂಮಿಗೇಶನ್ ಅನಿಲದ ಕುರಿತಾದದ್ದು. ಮೀಥೈಲ್ ಬ್ರೋಮೈಡ್ ಓಜೋನ್ ಪದರಕ್ಕೆ ಹಾನಿ ಮಾಡುತ್ತದೆ. ಮಾಂಟ್ರಿಯಲ್ ಒಡಂಬಡಿಕೆಯಂತೆ ಇತರ ಉಪಯೋಗಗಳು ನಿಂತು, ಕ್ವಾರಂಟೈನ್ ಮತ್ತು ಸಾಗಣೆಪೂರ್ವ ಉಪಯೋಗಕ್ಕೆ ಮಾತ್ರ ಅದಕ್ಕೆ ವಿನಾಯಿತಿ ಉಳಿದಿದೆ. ಯುರೋಪಿಯನ್ ಒಕ್ಕೂಟವಂತೂ 2010ರಿಂದ ತನ್ನಲ್ಲಿ ಆ ವಿನಾಯಿತಿಯನ್ನೂ ತೆಗೆದುಹಾಕಿತು. ಈ ಆಕ್ಷೇಪ ಸರಿಯಾದುದೇ. ಆದರೆ ಅದರಿಂದ ಹೊರಡುವ ತೀರ್ಮಾನ ಸಂಸ್ಕರಣೆ ಬೇಡ ಎಂಬುದಲ್ಲ, ಅನಿಲದಿಂದ ಶಾಖಕ್ಕೆ ಬದಲಾಗಬೇಕೆಂಬುದು. ಇಂದು ಹೊಸದಾಗಿ ಬಂಡವಾಳ ಹಾಕುವವರು ಶಾಖದ ಕೋಣೆಯಲ್ಲಿ ಹಾಕುವುದೇ ದೂರದೃಷ್ಟಿಯ ನಡೆ.

ಮೂರನೆಯದು, ಸಣ್ಣ ಘಟಕಗಳ ನಿಜವಾದ ಕಷ್ಟ. ತಿಂಗಳಿಗೆ ಸಾವಿರಾರು ಪ್ಯಾಲೆಟ್ಟು ಬಳಸುವ ದೊಡ್ಡ ಕಂಪನಿಗೆ ಈ ನಿಯಮ ಲೆಕ್ಕಕ್ಕೇ ಇಲ್ಲ. ವಾರಕ್ಕೆ ನಾಲ್ಕು ಪೆಟ್ಟಿಗೆ ಬೇಕಾದ ತಯಾರಕನು ಸಂಸ್ಕರಣಾ ಘಟಕದಲ್ಲಿ ಕೋಣೆ ತುಂಬುವವರೆಗೆ ಕಾಯಬೇಕು. ಘಟಕ ಅವನ ಊರಿನಲ್ಲಿಲ್ಲದಿದ್ದರೆ ಪೆಟ್ಟಿಗೆಯನ್ನು ಲಾರಿಯಲ್ಲಿ ಕಳುಹಿಸಿ ತರಿಸಿಕೊಳ್ಳಬೇಕು. ಅವನನ್ನು ಬಾಧಿಸುವುದು ಶುಲ್ಕಕ್ಕಿಂತ ಹೆಚ್ಚಾಗಿ ಕಾಯುವ ದಿನಗಳು. ಸರಕು ಸಿದ್ಧವಿದ್ದೂ ಹಡಗು ತಪ್ಪಿದರೆ ಅವನ ದುಡಿಯುವ ಬಂಡವಾಳ ಅಷ್ಟೂ ದಿನ ಬಡ್ಡಿ ತಿನ್ನುತ್ತಿರುತ್ತದೆ. ಈ ಒತ್ತಡವೇ ನಕಲಿ ಮುದ್ರೆಯ ದಂಧೆಗೆ ದಾರಿ ಮಾಡಿಕೊಡುತ್ತದೆ. ಸಂಸ್ಕರಣೆ ಮಾಡದೆ ಮುದ್ರೆಯನ್ನು ಮಾತ್ರ ಒತ್ತಿಕೊಡುವವನು ಮಾರುವುದು ಸೇವೆಯನ್ನಲ್ಲ, ಎಲ್ಲ ರಫ್ತುದಾರರ ಮರ್ಯಾದೆಯನ್ನು. ಆ ಮುದ್ರೆಯಲ್ಲಿರುವುದು ಅವನ ಊರಿನ ಹೆಸರಲ್ಲ, ಭಾರತದ ಸಂಕೇತ.

ಒಬ್ಬರ ತಪ್ಪಿಗೆ ಎಲ್ಲರೂ ಬೆಲೆ ತೆರುವುದು ಹೇಗೆಂಬುದನ್ನು ಮಾವಿನ ವ್ಯಾಪಾರಿಗಳು ಬಲ್ಲರು. ಕೆಲವು ರವಾನೆಗಳಲ್ಲಿ ಹಣ್ಣುನೊಣ ಮುಂತಾದ ಕೀಟಗಳು ಸಿಕ್ಕವೆಂದು ಯುರೋಪಿಯನ್ ಒಕ್ಕೂಟ 2014ರ ಮೇ ತಿಂಗಳಿನಿಂದ ಭಾರತದ ಮಾವನ್ನು, ಅದರ ಜೊತೆಗೆ ನಾಲ್ಕು ತರಕಾರಿಗಳನ್ನು ನಿಷೇಧಿಸಿತು. ತಪ್ಪು ಮಾಡದ ತೋಟದ ಹಣ್ಣಿಗೂ ಆ ಹಂಗಾಮಿನಲ್ಲಿ ಬಾಗಿಲು ಮುಚ್ಚಿತು. ಪ್ಯಾಕಿಂಗ್ ವ್ಯವಸ್ಥೆಯನ್ನು ಸರಿಪಡಿಸಿ ತೋರಿಸಿದ ಮೇಲೆ 2015ರಲ್ಲಿ ಮಾವಿನ ಮೇಲಿನ ನಿಷೇಧ ತೆರವಾಯಿತು. ವಾದ ಮಾಡಿ ಗೆದ್ದುದಕ್ಕಿಂತ ವ್ಯವಸ್ಥೆ ಸರಿಪಡಿಸಿ ಗೆದ್ದುದೇ ಅಲ್ಲಿನ ಪಾಠ.

ಸರ್ಕಾರ ಮಾಡಬೇಕಾದದ್ದು

ನಿಯಮ ಪಾಲಿಸೆಂದು ಹೇಳುವ ಸರ್ಕಾರಕ್ಕೆ ಪಾಲನೆಯ ದಾರಿಯನ್ನು ಸುಗಮ ಮಾಡಿಕೊಡುವ ಹೊಣೆಯೂ ಇದೆ. ಮೊದಲನೆಯದಾಗಿ, ಕೈಗಾರಿಕಾ ವಸಾಹತುಗಳಲ್ಲಿ ಸಾಮೂಹಿಕ ಶಾಖ ಸಂಸ್ಕರಣಾ ಘಟಕಗಳು ಬೇಕು. ಕೇಂದ್ರದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮೂಹಿಕ ಸೌಲಭ್ಯ ಕೇಂದ್ರಗಳಿಗೆ ಅನುದಾನ ಕೊಡುವ ಅವಕಾಶವಿದೆ. ಎರಕದ ಪ್ರಯೋಗಶಾಲೆಗೆ, ಉಪಕರಣ ಕೋಣೆಗೆ ಕೇಳುವ ಸಂಘಗಳು ಇದನ್ನೂ ಕೇಳಬೇಕು. ಎರಡನೆಯದಾಗಿ, ಕ್ವಾರಂಟೈನ್ ಕೇಂದ್ರಗಳಲ್ಲಿ ಪರೀಕ್ಷೆಗೆ ಗೊತ್ತಾದ ಕಾಲಮಿತಿ ಇರಬೇಕು; ಸಾಕಷ್ಟು ಸಿಬ್ಬಂದಿ ಇರಬೇಕು; ಅಧಿಕಾರಿಯ ತಡದಿಂದಾದ ಡೆಮರೇಜ್ ಆಮದುದಾರನ ತಲೆಗೆ ಬೀಳಬಾರದು. ಅರ್ಜಿ ಕಂಪ್ಯೂಟರಿನಲ್ಲಿ ಹೋದರೂ ಕಡತ ಮೇಜಿನ ಮೇಲೆ ಕೂತರೆ ಪ್ರಯೋಜನವಿಲ್ಲ.

ಮೂರನೆಯದಾಗಿ, ಕಾನೂನಿನ ಬುಡವನ್ನೇ ಹೊಸದಾಗಿಸಬೇಕಾಗಿದೆ. 2003ರ ಆದೇಶ ನಿಂತಿರುವುದು 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆಯ ಮೇಲೆ. ಅದರ ಬದಲಿಗೆ ಸಮಗ್ರ ಕಾನೂನೊಂದನ್ನು ತರುವ ಕೃಷಿ ಜೈವಿಕ ಭದ್ರತಾ ಮಸೂದೆ 2013ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, 2014ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಹಡಗಿನಲ್ಲಿ ತಿಂಗಳುಗಟ್ಟಲೆ ಸರಕು ಬರುತ್ತಿದ್ದ ಕಾಲದ ಕಾಯಿದೆ ದಿನಗಳಲ್ಲಿ ಕಂಟೈನರು ಬಂದಿಳಿಯುವ ಕಾಲಕ್ಕೆ ಸಾಕಾಗದು. ನಾಲ್ಕನೆಯದಾಗಿ, ಗಂಧದ ಸಸಿಗಳ ವಿಷಯದಲ್ಲಿ ರಾಜ್ಯ ಸರ್ಕಾರವು ನರ್ಸರಿಗಳ ನೋಂದಣಿಯನ್ನೂ ರೋಗಪರೀಕ್ಷೆಯನ್ನೂ ಕಡ್ಡಾಯಗೊಳಿಸಬೇಕು. ಬೆಂಗಳೂರಿನಲ್ಲಿಯೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂತಹ ಪರಿಣತ ಸಂಸ್ಥೆ ಇರುವಾಗ ಇದು ಅಸಾಧ್ಯವಾದ ಕೆಲಸವಲ್ಲ.

ವರ್ತಕರು ಮಾಡಬೇಕಾದದ್ದು

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ವ್ಯಾಪಾರಿ ಸಮುದಾಯ ಕೈಕಟ್ಟಿ ಕೂರಬೇಕಾಗಿಲ್ಲ. ಖರೀದಿ ಆದೇಶದಲ್ಲಿಯೇ ‘ಪ್ಯಾಕಿಂಗ್ ಮರ ಸಂಸ್ಕರಿತವಾಗಿದ್ದು ಮುದ್ರೆ ಹೊಂದಿರತಕ್ಕದ್ದು; ತಪ್ಪಿದಲ್ಲಿ ಆಗುವ ನಷ್ಟ ಮಾರಾಟಗಾರನದು’ ಎಂಬ ಒಂದು ಷರತ್ತನ್ನು ಸೇರಿಸಲು ಖರ್ಚೇನೂ ಇಲ್ಲ. ಪ್ಯಾಕಿಂಗ್ ಸರಬರಾಜುದಾರನಿಂದ ಮುದ್ರೆಯ ಜೊತೆಗೆ ಸಂಸ್ಕರಣೆಯ ಪ್ರಮಾಣಪತ್ರವನ್ನೂ ಪಡೆದು, ಅದರಲ್ಲಿನ ಘಟಕದ ಸಂಖ್ಯೆಯನ್ನು ಪೆಟ್ಟಿಗೆಯ ಮೇಲಿನ ಸಂಖ್ಯೆಯೊಂದಿಗೆ ತಾಳೆ ನೋಡಿ, ಪ್ರತಿಯನ್ನು ರವಾನೆಯ ಕಡತದಲ್ಲಿಡಬೇಕು. ಮಾರುಕಟ್ಟೆ ದರಕ್ಕಿಂತ ಬಹಳ ಅಗ್ಗವಾಗಿ ಮುದ್ರೆಯುಳ್ಳ ಪ್ಯಾಲೆಟ್ಟು ಸಿಕ್ಕಿದರೆ ಸಂತೋಷಪಡುವ ಬದಲು ಸಂಶಯಪಡಬೇಕು. ವಿದೇಶದಿಂದ ಬಂದ ಮರದ ಪೆಟ್ಟಿಗೆಗಳನ್ನು ಮುದ್ರೆ ನೋಡದೆ ಗುಜರಿಗೋ ಸೌದೆಗೋ ಕೊಟ್ಟುಬಿಡುವ ರೂಢಿಯನ್ನು ನಿಲ್ಲಿಸಬೇಕು. ಅವುಗಳಲ್ಲಿ ಹೊಸದಾಗಿ ಕೊರೆದ ತೂತು, ಉದುರಿದ ಮರದ ಪುಡಿ ಕಂಡರೆ ತಕ್ಷಣ ಕ್ವಾರಂಟೈನ್ ಕೇಂದ್ರಕ್ಕೆ ತಿಳಿಸಬೇಕು. ಲೆಕ್ಕಪುಸ್ತಕದಲ್ಲಿ ಪ್ಯಾಕಿಂಗ್ ಖರ್ಚಿನಿಂದ ಸಂಸ್ಕರಣೆಯ ಖರ್ಚನ್ನು ಬೇರ್ಪಡಿಸಿ ಬರೆದರೆ ಅದರ ನಿಜವಾದ ಭಾರ ಎಷ್ಟೆಂಬುದು ವರ್ಷದ ಕೊನೆಗೆ ಪ್ರತಿಯೊಬ್ಬನಿಗೂ ಗೊತ್ತಾಗುತ್ತದೆ. ಸರ್ಕಾರದ ಮುಂದೆ ಬೇಡಿಕೆ ಇಡುವಾಗಲೂ ಊಹೆಯ ಬದಲು ಅಂಕಿಗಳು ಕೈಯಲ್ಲಿರುತ್ತವೆ.

ವಾಣಿಜ್ಯ ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ಮಾನ್ಯತೆ ಪಡೆದ ಸಂಸ್ಕರಣಾ ಘಟಕಗಳ ಪಟ್ಟಿಯನ್ನು ಸದಸ್ಯರಿಗೆ ಕಾಲಕಾಲಕ್ಕೆ ಒದಗಿಸುವುದು, ಸಣ್ಣ ಘಟಕಗಳ ಬೇಡಿಕೆಯನ್ನು ಒಟ್ಟುಗೂಡಿಸಿ ವಾರದಲ್ಲಿ ಗೊತ್ತಾದ ದಿನ ಸಂಸ್ಕರಣೆಯ ಕೋಣೆಯನ್ನು ಕಾದಿರಿಸುವುದು, ನಕಲಿ ಮುದ್ರೆಯ ಬಗ್ಗೆ ಬಂದ ದೂರನ್ನು ದೂರುದಾರನ ಹೆಸರು ಬಯಲಾಗದಂತೆ ಅಧಿಕಾರಿಗಳಿಗೆ ತಲುಪಿಸುವುದು, ಇವಾವುವೂ ದೊಡ್ಡ ಹಣ ಬೇಡುವ ಕೆಲಸಗಳಲ್ಲ. ಕೋಣೆ ತುಂಬಲೆಂದು ಕಾಯುವ ನಾಲ್ಕು ಪೆಟ್ಟಿಗೆಯ ತಯಾರಕನ ಕಷ್ಟ ಬಹುಮಟ್ಟಿಗೆ ಇಷ್ಟರಿಂದಲೇ ಪರಿಹಾರವಾಗುತ್ತದೆ. ಹಾಗಾದಾಗ ನಕಲಿ ಮುದ್ರೆಯವನ ಅಂಗಡಿಗೆ ಗಿರಾಕಿಗಳೂ ಉಳಿಯುವುದಿಲ್ಲ.

ಸುಂಕ, ತೆರಿಗೆ, ಶುಲ್ಕಗಳ ವಿಷಯದಲ್ಲಿ ವರ್ತಕರು ಸರ್ಕಾರದೊಂದಿಗೆ ಚೌಕಾಶಿ ಮಾಡಬಹುದು, ಕೆಲವೊಮ್ಮೆ ರಿಯಾಯಿತಿಯನ್ನೂ ಪಡೆಯಬಹುದು. ಮರದೊಳಗಿನ ಹುಳುವಿನೊಂದಿಗೆ ಚೌಕಾಶಿ ನಡೆಯದು. ಶ್ರೀಗಂಧದ ಸ್ಪೈಕ್ ರೋಗಕ್ಕೆ ಒಂದು ಶತಮಾನ ಕಳೆದರೂ ಖಚಿತವಾದ ಮದ್ದು ಸಿಕ್ಕಿಲ್ಲ. ಅಂತಹ ಇನ್ನೊಂದು ರೋಗ ಈ ನಾಡಿನ ಕಾಡಿಗೆ ಬಾರದಂತೆಯೂ, ಈ ನಾಡಿನ ಹಲಗೆಯ ಮೂಲಕ ಪರರ ಕಾಡಿಗೆ ಹೋಗದಂತೆಯೂ ನೋಡಿಕೊಳ್ಳುವುದಕ್ಕೆ ಇಂದು ಬೇಕಾಗಿರುವುದು 56 ಡಿಗ್ರಿಯ ಶಾಖ, 30 ನಿಮಿಷದ ಕಾಲ ಮತ್ತು ಒಂದು ಪ್ರಾಮಾಣಿಕವಾದ ಮುದ್ರೆ. ಈ ಕಂತನ್ನು ತಪ್ಪದೆ ಕಟ್ಟುವ ವರ್ತಕನಿಗೆ, ಕಟ್ಟಲು ಹತ್ತಿರದಲ್ಲೇ ಒಂದು ವ್ಯವಸ್ಥೆ ಮಾಡಿಕೊಡಿ ಎಂದು ಸರ್ಕಾರವನ್ನು ಗಟ್ಟಿಯಾಗಿ ಕೇಳುವ ಹಕ್ಕು ತಾನಾಗಿಯೇ ಬರುತ್ತದೆ.